ಕೈ ಒದ್ದೆಯಾಗಲಿ: ಒಂದರಿಂದ ಮೂರನೇ ತರಗತಿಗೆ ಎರಡು ವಾರದ ನೀರಿನ ಥೀಮ್

ಮೊದಲ ಸಲ ‘ನೀರು’ ಅಂತ ಥೀಮ್ ಮಾಡಿದಾಗ ನನ್ನ ತರಗತಿ ನೋಡಲು ಬಲು ಚೆನ್ನಾಗಿತ್ತು. ಸೂರಿನಿಂದ ನೀಲಿ ಕಾಗದದ ಹನಿಗಳು ಇಳಿಬಿದ್ದಿದ್ದವು. ಗೋಡೆ ತುಂಬ ಮೀನು, ಆಮೆ, ದೋಣಿ. ಮಕ್ಕಳು ನೀರಿನ ಹಾಡು ಹಾಡಿದರು, ನೀರಿನ ಚಿತ್ರಕ್ಕೆ ಬಣ್ಣ ತುಂಬಿದರು, ನೀರಿನ ಉಪಯೋಗ ಬರೆದರು. ವಾರದ ಕೊನೆಗೆ ಒಬ್ಬ ಹುಡುಗ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಟೀಚರ್, ನೀರಲ್ಲಿ ಯಾವಾಗ ಆಡೋದು?”

ಆಗ ನನಗೆ ಹೊಳೆಯಿತು. ಇಡೀ ವಾರ ನೀರಿನ ಮಾತೇ ಆಡಿದ್ದೆವು, ಒಬ್ಬರ ಕೈಯೂ ಒದ್ದೆಯಾಗಿರಲಿಲ್ಲ.

ಆಮೇಲೆ ಇದೇ ಥೀಮನ್ನು ತುಂಬ ಸಲ ಮಾಡಿದ್ದೇನೆ. ಪ್ರತಿ ಸಲ ಏನೋ ಒಂದು ಬದಲಾಗಿದೆ. ಒಂದು ನಿಯಮ ಮಾತ್ರ ಬದಲಾಗಿಲ್ಲ: ಮೊದಲು ಊಹೆ, ಆಮೇಲೆ ಕೈ. ಏನಾಗಬಹುದು ಅಂತ ಮಗು ಮೊದಲು ಹೇಳಬೇಕು ಅಥವಾ ಬರೆಯಬೇಕು. ಆಮೇಲೆಯೇ ಕೈ ನೀರಿಗೆ. ಊಹೆ ಇಲ್ಲದಿದ್ದರೆ ಅದು ಬರೀ ಆಟ ಆಗುತ್ತದೆ. ಆಟ ತಪ್ಪಲ್ಲ, ಅದಕ್ಕೂ ಒಂದು ದಿನ ಇಟ್ಟಿದ್ದೇನೆ. ಆದರೆ ತಾನು ಹೇಳಿದ್ದು ಸುಳ್ಳಾದಾಗ ಮಗು ಬಗ್ಗಿ ನೋಡುತ್ತದಲ್ಲ, ಕಲಿಕೆ ಶುರುವಾಗುವುದು ಅಲ್ಲಿ.

ನೀರೇ ಯಾಕೆ?

ಬಾಹ್ಯಾಕಾಶ, ಡೈನೋಸಾರ್ ಅಂದರೆ ಮಕ್ಕಳು ಕುಣಿಯುತ್ತಾರೆ, ನಿಜ. ಆದರೆ ಚಂದ್ರನನ್ನು ಹಿಂಡಿ, ಸುರಿದು, ತೂಗಿ ನೋಡಲು ಆಗುವುದಿಲ್ಲ ಅಲ್ವಾ? ಕಥೆಗೆ, ಚಿತ್ರಕ್ಕೆ ಅವು ಚೆನ್ನ. ಕೈಯಿಂದ ಮಾಡಿ ಕಲಿಯುವ ಥೀಮಿಗೆ ನೀರು, ಮಣ್ಣು, ಬೀಜ, ನೆರಳು, ಗಾಳಿ, ಸದ್ದು ಇಂಥವು ಬೇಕು.

ಥೀಮ್ ಆರಿಸುವಾಗ ನಾನೊಂದು ಸಣ್ಣ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಮಗು ಆ ವಸ್ತುವನ್ನು ಏನೇನು ಮಾಡಬಹುದು ಅಂತ ಹತ್ತು ಕ್ರಿಯಾಪದ ಬರೆಯುತ್ತೇನೆ. ನೀರಿಗೆ: ಸುರಿ, ತುಂಬು, ಅದ್ದು, ಹಿಂಡು, ಸೋಸು, ಬೆರೆಸು, ಅಳೆ, ಒರೆಸು, ಚಿಮುಕಿಸು, ಚೆಲ್ಲು. ಒಂದೇ ಉಸಿರಿಗೆ ಹತ್ತು ಬಂತು. ಡೈನೋಸಾರ್‌ಗೆ ಮೂರು ದಾಟುವುದು ಕಷ್ಟ.

ಶುರು ಮಾಡುವ ಮೊದಲು

ಎರಡು ವಾರ, ದಿನಕ್ಕೆ ಒಂದು ಪೀರಿಯಡ್, ಅಂದರೆ ಸುಮಾರು 40 ನಿಮಿಷ ಸಾಕು. ಮೊದಲು ಒಂದು ಹಾಳೆಯಲ್ಲಿ ಮಕ್ಕಳು ಏನು ಕಲಿಯಬೇಕು ಅಂತ ಬರೆದುಕೊಳ್ಳಿ. ಚಟುವಟಿಕೆಗಳ ಪಟ್ಟಿ ಆಮೇಲೆ. ನನ್ನ ಹಾಳೆಯಲ್ಲಿ ನಾಲ್ಕೇ ಸಾಲು ಇರುತ್ತದೆ. ಹೆಚ್ಚು-ಕಡಿಮೆ ಹೋಲಿಸಿ ಅಳೆಯುವುದು. ಊಹಿಸಿ, ಮಾಡಿ, ಪಟ್ಟಿಯಲ್ಲಿ ಗುರುತು ಹಾಕುವುದು. ಕಂಡದ್ದನ್ನು ಸರಿಯಾದ ಪದ ಹಾಕಿ ಹೇಳುವುದು. ಮಂಜುಗಡ್ಡೆ, ನೀರು, ಆವಿ ಮೂರೂ ಒಂದೇ ವಸ್ತು ಅಂತ ಗೊತ್ತಾಗುವುದು.

ಎಲ್ಲ ವಿಷಯವನ್ನೂ ಥೀಮಿನೊಳಗೆ ತುರುಕಲು ಹೋಗಬೇಡಿ. ಕೂಡುವ ಲೆಕ್ಕದ ಪಕ್ಕ ಎರಡು ಹನಿ ಚಿತ್ರ ಹಾಕಿದ ಮಾತ್ರಕ್ಕೆ ಅದು ನೀರಿನ ಪಾಠ ಆಗುವುದಿಲ್ಲ. ಆ ಲೆಕ್ಕವನ್ನು ಬೇರೆ ಪೀರಿಯಡ್‌ನಲ್ಲಿ ನೇರವಾಗಿ ಕಲಿಸಿ.

ಸಾಮಾನು ಇಷ್ಟು:

- ಅಗಲವಾದ ಪ್ಲಾಸ್ಟಿಕ್ ಟಬ್, ನಾಲ್ಕೈದು ಮಕ್ಕಳಿಗೆ ಒಂದು
- ಬೇರೆ ಬೇರೆ ಆಕಾರದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ, ಲೋಟ, ಡಬ್ಬಿ, ಮುಚ್ಚಳ
- ಡ್ರಾಪರ್, ಸ್ಪಂಜು, ಹತ್ತಿ, ಹಳೆಯ ಬಟ್ಟೆ ತುಂಡುಗಳು
- ನೀರಲ್ಲಿ ಕರಗದ, ಎಣ್ಣೆ ಪಸೆ ಇರುವ ಕ್ಲೇ
- ಚಾಕ್‌ಪೀಸ್, ನಾಣ್ಯ, ಗುಂಡಿಗಳು
- ನೆಲ ಒರೆಸುವ ಬಟ್ಟೆ, ನಿಮಗೆ ಎಷ್ಟು ಬೇಕು ಅನ್ನಿಸುತ್ತದೋ ಅದರ ಎರಡರಷ್ಟು

ಕೊನೆಯದನ್ನು ತಮಾಷೆಗೆ ಬರೆದಿಲ್ಲ. ಒಂದು ವರ್ಷ ಎರಡೇ ಬಟ್ಟೆ ಇಟ್ಟುಕೊಂಡು ಆರು ಟಬ್ ಹಾಕಿಸಿದ್ದೆ. ಹದಿನೈದನೇ ನಿಮಿಷಕ್ಕೆ ಇಡೀ ನೆಲ ಜಾರುಬಂಡೆ. ಪಕ್ಕದ ತರಗತಿಯವರು ಬಂದು ನೋಡಿ, ಏನೂ ಮಾತಾಡದೆ ವಾಪಸ್ ಹೋದರು. ಆವತ್ತು ಸಂಜೆ ನೆಲ ಒರೆಸಿದ್ದು ನಾನೊಬ್ಬಳೇ. ಈಗ ಪ್ರತಿ ಗುಂಪಿನಲ್ಲೂ ಒಬ್ಬರು ‘ಒರೆಸುವವರು’. ಆ ಕೆಲಸ ಸರದಿ ಪ್ರಕಾರ ಬದಲಾಗುತ್ತದೆ. ನಂಬಿದರೆ ನಂಬಿ, ಅದಕ್ಕೇ ಮಕ್ಕಳು ಜಾಸ್ತಿ ಜಗಳ ಆಡುತ್ತಾರೆ.

ಸುರಕ್ಷತೆ ವಿಷಯದಲ್ಲಿ ಮಾತ್ರ ರಾಜಿ ಬೇಡ. ಟಬ್‌ನಲ್ಲಿ ಹತ್ತು ಸೆಂಟಿಮೀಟರ್ ಆಳದ ನೀರು ಸಾಕು. ಅಷ್ಟು ನೀರೂ ಚಿಕ್ಕ ಮಕ್ಕಳಿಗೆ ಅಪಾಯವೇ. ಆದ್ದರಿಂದ ನೀರಿರುವ ಟಬ್, ಬಕೆಟ್ ಬಿಟ್ಟು ನೀವು ಕೋಣೆಯಿಂದ ಹೊರಗೆ ಹೋಗುವಂತಿಲ್ಲ. ಚಟುವಟಿಕೆ ಮುಗಿದ ತಕ್ಷಣ ಎಲ್ಲವನ್ನೂ ಖಾಲಿ ಮಾಡಿ. ಗಾಜಿನ ಪಾತ್ರೆ ಬೇಡ. ಬಿಸಿನೀರು ಬೇಡ. ಕರೆಂಟ್ ಪ್ಲಗ್ ಇರುವ ಗೋಡೆಯಿಂದ ಟಬ್ ದೂರ ಇರಲಿ. ಗುಂಡಿ, ಗೋಲಿಯಂಥ ಸಣ್ಣ ವಸ್ತುಗಳನ್ನು ಎಣಿಸಿ ಕೊಟ್ಟು, ಎಣಿಸಿಯೇ ವಾಪಸ್ ತೆಗೆದುಕೊಳ್ಳಿ. ಒಂದನೇ ತರಗತಿಯಲ್ಲಿ ಇನ್ನೂ ಬಾಯಿಗೆ ಹಾಕಿಕೊಳ್ಳುವ ಮಕ್ಕಳು ಇರುತ್ತಾರೆ. ಟಬ್ ನೀರನ್ನು ಯಾರೂ ಕುಡಿಯಬಾರದು ಅಂತ ದಿನಾ ಹೇಳಿ.

40 ನಿಮಿಷವನ್ನು ನಾನು ಹೀಗೆ ಹಂಚುತ್ತೇನೆ: ಊಹೆಗೆ 10, ಟಬ್ ಹತ್ತಿರ 15, ಒರೆಸಿ ಎತ್ತಿಡಲು 5, ಮಾತಿಗೆ 10. ಹೊಸಬರು ಟಬ್‌ಗೆ ಅರ್ಧ ಗಂಟೆ ಕೊಟ್ಟು ಕೊನೆಯ ಮಾತು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಬೇಕಾದರೆ ಟಬ್ ಸಮಯ ಕಡಿಮೆ ಮಾಡಿ, ಮಾತು ಉಳಿಸಿಕೊಳ್ಳಿ.

ಮೊದಲ ದಿನ: ಸುಮ್ನೆ ಆಡಲು ಬಿಡಿ

ಇವತ್ತೊಂದು ದಿನ ಊಹೆ ಇಲ್ಲ, ಪಟ್ಟಿ ಇಲ್ಲ. ಟಬ್, ಬಾಟಲಿ, ಸ್ಪಂಜು ಕೊಟ್ಟು ಬಿಟ್ಟುಬಿಡಿ. ಮೂರು ನಿಯಮ ಹೇಳಿದರೆ ಸಾಕು: ನೀರು ಟಬ್ ಒಳಗೇ ಇರಬೇಕು, ಯಾರ ಮೇಲೂ ಎರಚಬಾರದು, ಚಪ್ಪಾಳೆ ಕೇಳಿದರೆ ಕೈ ಮೇಲೆ.

ಮೊದಲ ದಿನವೇ ಆಟ ಯಾಕೆ ಅಂದರೆ, ಆಡುವ ಆಸೆ ತೀರದ ಮಗು ಮರುದಿನ ಅಳತೆ ಮಾಡುವುದಿಲ್ಲ. ಅಳತೆಯ ಲೋಟವನ್ನೇ ಪಂಪ್ ಮಾಡಿಕೊಂಡು ಕೂರುತ್ತದೆ.

ಮಕ್ಕಳು ಆಡುತ್ತಿರುವಾಗ ನೀವು ಪುಸ್ತಕ, ಪೆನ್ ಹಿಡಿದು ಸುತ್ತಾಡಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. “ಬಾಟಲಿ ಒಳಗಿಂದ ಗುಳ್ಳೆ ಯಾಕೆ ಬರುತ್ತೆ?” “ಸ್ಪಂಜು ನೀರು ಕುಡಿದು ದಪ್ಪ ಆಯ್ತು.” “ನನ್ನ ಕೈ ಮುದುಕಿ ಕೈ ಆಯ್ತು!” ಕೊನೆಗೆ ಇವುಗಳಲ್ಲಿ ಪ್ರಶ್ನೆಗಳನ್ನು ಆರಿಸಿ ದೊಡ್ಡ ಚಾರ್ಟ್ ಮೇಲೆ ಬರೆಯಿರಿ, ಪಕ್ಕದಲ್ಲಿ ಕೇಳಿದವರ ಹೆಸರು. ಈ ಚಾರ್ಟ್ ಎರಡು ವಾರವೂ ಗೋಡೆಯ ಮೇಲಿರಲಿ. ನೀಲಿ ಕಾಗದದ ಹನಿಗಳಿಗಿಂತ ಇದು ಒಳ್ಳೆಯ ಅಲಂಕಾರ.

ಎರಡು, ಮೂರನೇ ದಿನ: ತೇಲುತ್ತದಾ, ಮುಳುಗುತ್ತದಾ?

ಎಲ್ಲರೂ ಮಾಡಿಸುವ ಚಟುವಟಿಕೆ ಇದು. ಬಹಳ ಕಡೆ ಇದು ಸಪ್ಪೆಯಾಗಲು ಕಾರಣ ವಸ್ತುಗಳ ಆಯ್ಕೆ. ಕಲ್ಲು ಮುಳುಗುತ್ತದೆ, ಎಲೆ ತೇಲುತ್ತದೆ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತು. “ಭಾರವಾದದ್ದು ಮುಳುಗುತ್ತೆ, ಹಗುರವಾದದ್ದು ತೇಲುತ್ತೆ” ಅನ್ನುವ ಅವರ ನಂಬಿಕೆಯನ್ನು ಅಲ್ಲಾಡಿಸುವ ಜೋಡಿಗಳನ್ನು ಕೊಡಿ.

ದಪ್ಪ ಮೇಣದಬತ್ತಿ ಮತ್ತು ಒಂದು ಸಣ್ಣ ಸ್ಕ್ರೂ. ಸ್ಟೀಲ್ ಚಮಚ ಮತ್ತು ಸ್ಟೀಲ್ ಬಟ್ಟಲು. ಗಾಳಿ ಮಾತ್ರ ಇರುವ, ಮುಚ್ಚಳ ಹಾಕಿದ ಬಾಟಲಿ ಮತ್ತು ಮರಳು ತುಂಬಿದ ಅದೇ ಥರದ ಬಾಟಲಿ. ಮೇಣದಬತ್ತಿ ಕೈಯಲ್ಲಿ ಹಿಡಿದರೆ ಭಾರ, ಆದರೂ ತೇಲುತ್ತದೆ. ಸ್ಕ್ರೂ ಹಿಡಿದದ್ದೇ ಗೊತ್ತಾಗುವುದಿಲ್ಲ, ಆದರೂ ನೇರ ತಳಕ್ಕೆ. ಪ್ಲಾಸ್ಟಿಕ್‌ನಲ್ಲಿ ಕೆಲವು ತೇಲುತ್ತವೆ, ಕೆಲವು ಮುಳುಗುತ್ತವೆ. ಆದ್ದರಿಂದ ಎಲ್ಲವನ್ನೂ ಹಿಂದಿನ ದಿನ ನೀವೇ ಒಮ್ಮೆ ಹಾಕಿ ನೋಡಿಕೊಳ್ಳಿ.

ಮಾಡುವ ಕ್ರಮ ಹೀಗೆ. ಪ್ರತಿ ಗುಂಪಿಗೆ ಒಂದು ಹಾಳೆ. ಎಡಗಡೆ ವಸ್ತುವಿನ ಚಿತ್ರ, ನಡುವೆ ‘ಊಹೆ’, ಬಲಗಡೆ ‘ಆದದ್ದು’. ವಸ್ತುವನ್ನು ಗುಂಪಿನಲ್ಲಿ ಎಲ್ಲರೂ ಕೈಯಲ್ಲಿ ಹಿಡಿದು ನೋಡುತ್ತಾರೆ. ತೇಲುತ್ತದೆ ಅನ್ನಿಸಿದರೆ ಮೇಲ್ಮುಖ ಬಾಣ, ಮುಳುಗುತ್ತದೆ ಅನ್ನಿಸಿದರೆ ಕೆಳಮುಖ ಬಾಣ. ಎಲ್ಲ ಊಹೆಗಳೂ ಪೆನ್ನಿನಲ್ಲೇ, ಪೆನ್ಸಿಲ್ ಬೇಡ. ಪೆನ್ಸಿಲ್ ಕೊಟ್ಟರೆ ಆಮೇಲೆ ರಬ್ಬರ್ ಹಿಡಿದು ತಿದ್ದಿಬಿಡುತ್ತಾರೆ! ತಪ್ಪು ಊಹೆಗೆ ಬೈಗುಳವಿಲ್ಲ, ಸರಿ ಊಹೆಗೆ ಬಹುಮಾನವೂ ಇಲ್ಲ ಅಂತ ಮೊದಲೇ ಹೇಳಿ. ನಾನಂತೂ ಎಲ್ಲಕ್ಕಿಂತ ಆಶ್ಚರ್ಯವಾದ ವಸ್ತುವಿಗೆ ಮಾತ್ರ ನಕ್ಷತ್ರ ಹಾಕಿಸುತ್ತೇನೆ.

ಮರುದಿನ ಕ್ಲೇ. ಪ್ರತಿ ಮಗುವಿಗೂ ಒಂದೇ ಗಾತ್ರದ ಉಂಡೆ. ಹಾಕಿದರೆ ಮುಳುಗುತ್ತದೆ. “ಇದನ್ನೇ ತೇಲಿಸಿ ನೋಡೋಣ, ಕ್ಲೇ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ.” ಮೊದಲು ಚಪಾತಿ ಥರ ತಟ್ಟುತ್ತಾರೆ, ಮುಳುಗುತ್ತದೆ. ಆಮೇಲೆ ಯಾರೋ ಒಬ್ಬರು ಅಂಚು ಎತ್ತುತ್ತಾರೆ. ಐದು ನಿಮಿಷದಲ್ಲಿ ಇಡೀ ತರಗತಿಗೆ ಅಂಚಿನ ಗುಟ್ಟು ಹರಡಿಬಿಡುತ್ತದೆ. ಇದನ್ನು ನಕಲು ಅಂತ ತಡೆಯಬೇಡಿ, ಒಳ್ಳೆಯ ಉಪಾಯ ಹರಡುವುದೇ ಹೀಗೆ. ತೇಲಿದ ದೋಣಿಯಲ್ಲಿ ಎಷ್ಟು ಗುಂಡಿ ಹಿಡಿಯುತ್ತದೆ ಅಂತ ಊಹಿಸಿ, ಒಂದೊಂದಾಗಿ ಹಾಕಿ ಎಣಿಸಲಿ.

ಇಲ್ಲಿ ಎರಡು ಎಚ್ಚರಿಕೆ. ಹಿಟ್ಟಿನಿಂದ ಮಾಡಿದ ಕ್ಲೇ ನೀರಲ್ಲಿ ಅಂಟಂಟಾಗಿ ಕರಗಿಹೋಗುತ್ತದೆ, ಅದು ಬೇಡ. ಕ್ಲೇ ಬದಲು ಅಲ್ಯೂಮಿನಿಯಂ ಹಾಳೆ ಬಳಸುತ್ತೇನೆ ಅಂದರೆ, ಉಂಡೆ ಮಾಡಿದಾಗ ಒಳಗೆ ಗಾಳಿ ಉಳಿದು ಉಂಡೆಯೇ ತೇಲಿಬಿಡಬಹುದು. ಆಗ ನಿಮ್ಮ ಪಾಠವೇ ಮುಳುಗಿದ ಹಾಗೆ.

“ಯಾಕೆ?” ಅಂತ ಕೇಳಿದರೆ ಏನು ಹೇಳುವುದು? ಸಾಂದ್ರತೆ ಅನ್ನುವ ಪದ ಈ ವಯಸ್ಸಿಗೆ ಬೇಡ. ಗಾಳಿ ತುಂಬಿ ಮುಚ್ಚಿದ ಬಾಟಲಿಯನ್ನು ನೀರೊಳಗೆ ಅದುಮಲು ಹೇಳಿ. ನೀರು ಕೈಯನ್ನು ಮೇಲಕ್ಕೆ ತಳ್ಳುವುದು ಗೊತ್ತಾಗುತ್ತದೆ. “ದೋಣಿ ಅಗಲವಾಗಿದ್ದರೆ ಜಾಸ್ತಿ ನೀರನ್ನು ಪಕ್ಕಕ್ಕೆ ಸರಿಸುತ್ತೆ. ಆಗ ನೀರೂ ಜಾಸ್ತಿ ಮೇಲಕ್ಕೆ ತಳ್ಳುತ್ತೆ” ಅಂದರೆ ಸಾಕು. ಕೈಗೆ ಆ ತಳ್ಳುವಿಕೆ ತಿಳಿದಿದ್ದರೆ ಮಾತು ತಲೆಗೆ ಹೋಗುತ್ತದೆ.

ನಾಲ್ಕನೇ ದಿನ: ಯಾವ ಲೋಟದಲ್ಲಿ ಜಾಸ್ತಿ?

ಎರಡು ಒಂದೇ ಥರದ ಲೋಟಗಳಲ್ಲಿ ಸಮ ನೀರು. ಎರಡೂ ಸಮ ಅಂತ ಮಕ್ಕಳೇ ಒಪ್ಪಬೇಕು, ಬೇಕಾದರೆ ಒಂದು ಹನಿ ಸೇರಿಸಿ ಸರಿ ಮಾಡಲಿ. ಈಗ ಒಂದು ಲೋಟದ ನೀರನ್ನು ಅವರ ಕಣ್ಣೆದುರಿಗೇ ಉದ್ದನೆಯ ಕಿರಿದಾದ ಬಾಟಲಿಗೆ ಸುರಿಯಿರಿ. “ಈಗ ಯಾವುದರಲ್ಲಿ ಜಾಸ್ತಿ?”

ಒಂದನೇ ತರಗತಿಯ ಮಕ್ಕಳಲ್ಲಿ ಅನೇಕರು ಉದ್ದನೆಯ ಬಾಟಲಿ ತೋರಿಸುತ್ತಾರೆ. ಸುರಿದದ್ದನ್ನು ನೋಡಿದ್ದರೂ! ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಮಕ್ಕಳ ಯೋಚನೆ ತಿಳಿಯಲು ಬಳಸಿದ ಪ್ರಸಿದ್ಧ ಪರೀಕ್ಷೆ ಇದು. ಆಕಾರ ಬದಲಾದರೂ ಪ್ರಮಾಣ ಬದಲಾಗುವುದಿಲ್ಲ ಅನ್ನುವ ತಿಳಿವಳಿಕೆ ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಅಂದರೆ ನಿಮ್ಮ ತರಗತಿ ಸರಿಯಾಗಿ ಆ ಹೊಸ್ತಿಲ ಮೇಲೆಯೇ ಇದೆ. ಅರ್ಧ ಮಕ್ಕಳು ಒಳಗೆ, ಅರ್ಧ ಹೊರಗೆ.

ಇಲ್ಲಿ ಶಿಕ್ಷಕರು ಮಾಡುವ ತಪ್ಪು ನನಗೆ ಚೆನ್ನಾಗಿ ಗೊತ್ತು, ಯಾಕಂದರೆ ನಾನೇ ಮಾಡಿದ್ದೇನೆ. “ಅಲ್ಲ ಮರಿ, ಎರಡೂ ಒಂದೇ” ಅಂತ ಹೇಳಿಬಿಡುವುದು. ಮಗು “ಹೂಂ” ಅನ್ನುತ್ತದೆ, ಮನಸ್ಸಿನಲ್ಲಿ ಉದ್ದನೆಯದೇ ಜಾಸ್ತಿ ಅಂದುಕೊಂಡಿರುತ್ತದೆ. ಅದರ ಬದಲು “ಹೌದಾ? ಹೇಗೆ ಗೊತ್ತಾಯ್ತು?” ಅಂತ ಕೇಳಿ. ಆಮೇಲೆ ವಾಪಸ್ ಮೊದಲ ಲೋಟಕ್ಕೆ ಸುರಿಯಲು ಆ ಮಗುವಿಗೇ ಕೊಡಿ. ಒಂದು ಸಲಕ್ಕೆ ಒಪ್ಪದಿದ್ದರೂ ಪರವಾಗಿಲ್ಲ, ಅವರೇ ನಾಲ್ಕು ಸಲ ಸುರಿದು ನೋಡಲಿ. ವಿವರಣೆಗಿಂತ ಅದಕ್ಕೇ ತೂಕ ಜಾಸ್ತಿ.

ಅಲ್ಲಿಂದ ಅಳತೆಗೆ ಹೋಗುವುದು ಸಲೀಸು. “ಕಣ್ಣು ಮೋಸ ಹೋಗುತ್ತೆ, ಹಾಗಾದರೆ ಹೇಗೆ ಹೇಳೋದು?” ಪ್ರತಿ ಗುಂಪಿಗೂ ಬೇರೆ ಬೇರೆ ಆಕಾರದ ಮೂರು ಡಬ್ಬಿ, ಒಂದು ಸಣ್ಣ ಲೋಟ. ಯಾವುದರಲ್ಲಿ ಎಷ್ಟು ಲೋಟ ಹಿಡಿಯುತ್ತದೆ? ಮೊದಲು ಊಹೆ, ಆಮೇಲೆ ತುಂಬಿ ಎಣಿಸುವುದು. ಬೇಕೆಂದೇ ಒಂದು ಗುಂಪಿಗೆ ಬೇರೆ ಗಾತ್ರದ ಲೋಟ ಕೊಡಿ. ಒಂದೇ ಡಬ್ಬಿಗೆ ಒಬ್ಬರದು ಆರು, ಇನ್ನೊಬ್ಬರದು ಒಂಬತ್ತು ಅಂತ ಬಂದಾಗ ಜಗಳ ಶುರುವಾಗುತ್ತದೆ. ಎಲ್ಲರಿಗೂ ಒಂದೇ ಅಳತೆ ಯಾಕೆ ಬೇಕು ಅನ್ನುವುದು ಆ ಜಗಳದಿಂದಲೇ ಹೊರಗೆ ಬರಲಿ. ಎರಡು, ಮೂರನೇ ತರಗತಿಯವರಿಗೆ ಆಗ ಲೀಟರ್ ತೋರಿಸಿ: 250 ಮಿಲಿಲೀಟರ್‌ನ ನಾಲ್ಕು ಲೋಟ ಸುರಿದರೆ ಒಂದು ಲೀಟರ್, ಅಂದರೆ 1000 ಮಿಲಿಲೀಟರ್.

ಐದನೇ ದಿನ: ಪದಗಳ ಟಬ್

ನೀರಿನ ವಿಷಯದಲ್ಲಿ ಕನ್ನಡ ಬಲು ಸಿರಿವಂತ. ಹನಿಯುವುದು, ತೊಟ್ಟಿಕ್ಕುವುದು, ಜಿನುಗುವುದು, ಸೋರುವುದು, ಹರಿಯುವುದು, ಚಿಮ್ಮುವುದು, ಉಕ್ಕುವುದು, ತುಳುಕುವುದು, ಇಂಗುವುದು. ಮಕ್ಕಳು ಇವೆಲ್ಲಕ್ಕೂ ‘ನೀರು ಬರ್ತಿದೆ, ನೀರು ಹೋಗ್ತಿದೆ’ ಅಂತ ಮುಗಿಸಿಬಿಡುತ್ತಾರೆ. ಪದದ ಅರ್ಥ ಬರೆಸುವ ಬದಲು ಮಾಡಿ ತೋರಿಸಿ. ಬಾಟಲಿಯ ತಳಕ್ಕೆ ಸೂಜಿಯಷ್ಟು ತೂತು ಮಾಡಿದರೆ ತೊಟ್ಟಿಕ್ಕುತ್ತದೆ. ತೂತು ದೊಡ್ಡದು ಮಾಡಿದರೆ ಸೋರುತ್ತದೆ. ಬದಿಯಲ್ಲಿ ತೂತು ಮಾಡಿ ಬಾಟಲಿ ಹಿಸುಕಿದರೆ ಚಿಮ್ಮುತ್ತದೆ. ಒದ್ದೆ ಬಟ್ಟೆಯಿಂದ ಜಿನುಗುತ್ತದೆ. ಮರಳಿನ ಡಬ್ಬಿಗೆ ಸುರಿದರೆ ಇಂಗುತ್ತದೆ. ತೂತುಗಳನ್ನು ನೀವೇ ಮೊದಲೇ ಮಾಡಿಟ್ಟುಕೊಂಡಿರಿ.

ಆಮೇಲೆ ಸದ್ದುಗಳು. ಕಣ್ಣು ಮುಚ್ಚಿ ಕೇಳಿ ಹೇಳಬೇಕು. ಟಪ್ ಟಪ್, ಗುಳುಗುಳು, ಬುಳುಕ್, ಜುಳುಜುಳು. ತಾವೇ ಹೊಸ ಸದ್ದಿನ ಪದ ಕಟ್ಟಿದರೆ ಅದನ್ನೂ ಚಾರ್ಟಿನಲ್ಲಿ ಬರೆಯಿರಿ. ಸ್ಪಂಜು ಹಿಂಡುವ ಸದ್ದಿಗೆ ಒಬ್ಬಳು ‘ಪಿಚೂಸ್’ ಅಂದಳು. ನನಗೆ ಅದಕ್ಕಿಂತ ಒಳ್ಳೆಯ ಪದ ಸಿಗಲಿಲ್ಲ.

ಗಾದೆಯನ್ನೂ ಟಬ್‌ಗೆ ತರಬಹುದು. ‘ತುಂಬಿದ ಕೊಡ ತುಳುಕುವುದಿಲ್ಲ’ ಅನ್ನುವುದನ್ನು ಒಮ್ಮೆ ಪರೀಕ್ಷೆಗೆ ಇಟ್ಟೆ. ಅಂಚಿನವರೆಗೆ ತುಂಬಿದ ಮಗ್ ಹಿಡಿದು ನಡೆದ ಹುಡುಗಿ ಎರಡೇ ಹೆಜ್ಜೆಗೆ ಚೆಲ್ಲಿಕೊಂಡು, “ಟೀಚರ್, ಗಾದೆ ಸುಳ್ಳು!” ಅಂದಳು. ಸರಿ, ಕೊಡದ ಬಾಯಿ ಮಗ್‌ನಷ್ಟು ಅಗಲ ಇರುತ್ತದಾ? ಕಿರಿದಾದ ಕತ್ತಿನ ಎರಡು ಬಾಟಲಿ ತಂದೆವು. ಒಂದು ಅರ್ಧ, ಇನ್ನೊಂದು ಕತ್ತಿನವರೆಗೆ. ಎರಡಕ್ಕೂ ಮುಚ್ಚಳ ಹಾಕಿ ಅಲ್ಲಾಡಿಸಿದರು. ಅರ್ಧ ತುಂಬಿದ್ದು ಬುಳುಕ್ ಬುಳುಕ್ ಅನ್ನುತ್ತದೆ, ತುಂಬಿದ್ದರ ಸದ್ದೇ ಇಲ್ಲ. ಆ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಗಾದೆ ಬಾಟಲಿಗೆ ಸರಿ, ಮಗ್‌ಗೆ ತಪ್ಪು” ಅಂತ ತೀರ್ಪು ಕೊಟ್ಟಳು. ನಾನು ಅದನ್ನೇ ಬೋರ್ಡ್ ಮೇಲೆ ಬರೆದೆ.

ಆರು, ಏಳನೇ ದಿನ: ನೀರು ಎಲ್ಲಿಗೆ ಹೋಯಿತು?

ಇಡೀ ಥೀಮಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಬಿಸಿಲಿರುವ ದಿನ ನೋಡಿಕೊಳ್ಳಿ. ಬೆಳಿಗ್ಗೆ ಹೊರಗೆ ಸಿಮೆಂಟ್ ನೆಲದ ಮೇಲೆ ಅರ್ಧ ಮಗ್ ನೀರು ಸುರಿದು, ಅದರ ಅಂಚಿಗೆ ಚಾಕ್‌ಪೀಸ್‌ನಿಂದ ಗೆರೆ ಎಳೆಯಿರಿ. ಪ್ರತಿ ಅರ್ಧ ಗಂಟೆಗೆ ಇಬ್ಬರು ಮಕ್ಕಳು ಹೋಗಿ ಹೊಸ ಅಂಚಿಗೆ ಹೊಸ ಗೆರೆ ಎಳೆದು ಬರಬೇಕು. ಊಟದ ಹೊತ್ತಿಗೆ ಒಂದರೊಳಗೆ ಒಂದು ಗೆರೆಗಳ ಸುರುಳಿ, ನಡುವೆ ಒಣನೆಲ.

“ನೀರು ಎಲ್ಲಿಗೆ ಹೋಯ್ತು?” ಅಂತ ಕೇಳಿದರೆ ಸೂರ್ಯ ಕುಡಿದ ಅನ್ನುವವರು ಇರುತ್ತಾರೆ, ಮಾಯ ಆಯ್ತು ಅನ್ನುವವರೂ ಇರುತ್ತಾರೆ. ನನ್ನ ತರಗತಿಯಲ್ಲಿ ಗೆದ್ದ ಉತ್ತರ “ನೆಲ ಕುಡಿದುಬಿಟ್ಟಿತು.” ಇದು ಮೂರ್ಖ ಉತ್ತರ ಅಲ್ಲ. ಸಿಮೆಂಟ್ ಸ್ವಲ್ಪ ನೀರು ಹೀರುತ್ತದೆ ಕೂಡ. ಹಾಗಾಗಿ ಅವರ ಉತ್ತರವನ್ನೇ ಪರೀಕ್ಷೆಗೆ ಇಡಿ: “ನೀರು ಕುಡಿಯದ ವಸ್ತು ಯಾವುದು?” ಒಬ್ಬರಾದರೂ ತಟ್ಟೆ ಅನ್ನುತ್ತಾರೆ. ಸ್ಟೀಲ್ ತಟ್ಟೆಯಲ್ಲಿ ಎರಡು ಚಮಚ ನೀರು ಹಾಕಿ ಬಿಸಿಲಿಗಿಡಿ. ಅದೂ ಒಣಗುತ್ತದೆ. ತಟ್ಟೆಯ ಅಡಿ ಮುಟ್ಟಿ ನೋಡಿದರೆ ಅಲ್ಲೂ ಒದ್ದೆಯಿಲ್ಲ. ಈಗ ಮಕ್ಕಳು ನಿಜವಾಗಿ ಕಂಗಾಲು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಆಗ ಎರಡು ಲೋಟ. ಎರಡರಲ್ಲೂ ಸಮ ನೀರು, ಅಂಚಿಗೆ ಪೆನ್ನಿನ ಗುರುತು. ಒಂದಕ್ಕೆ ಪಾರದರ್ಶಕ ಹಾಳೆ ಬಿಗಿದು ಮುಚ್ಚಿ, ಇನ್ನೊಂದು ಹಾಗೇ ಇರಲಿ. ಕಿಟಕಿಯ ಬಿಸಿಲಲ್ಲಿಡಿ. ಮರುದಿನ ಮುಚ್ಚಿದ ಲೋಟದ ಹಾಳೆಯ ಒಳಬದಿಗೆ ಸಣ್ಣ ಹನಿಗಳು ಕೂತಿರುತ್ತವೆ. “ಅಯ್ಯೋ, ಮೇಲೆ ಹೋಗಿದೆ!” ಅನ್ನುವ ಕೂಗು ಬಂದ ಮೇಲೆ ‘ಆವಿ’ ಅನ್ನುವ ಪದ ಕೊಡಿ. ಮೊದಲೇ ಕೊಟ್ಟಿದ್ದರೆ ಅದು ಪರೀಕ್ಷೆಗೆ ಬರೆಯುವ ಇನ್ನೊಂದು ಪದ ಆಗಿರುತ್ತಿತ್ತು.

ಸಮಯ ಮಿಕ್ಕರೆ ಎರಡು ಕರ್ಚೀಫ್. ಎರಡನ್ನೂ ಅದ್ದಿ ಒಬ್ಬರೇ ಹಿಂಡಬೇಕು. ಒಂದನ್ನು ಹರವಿ, ಇನ್ನೊಂದನ್ನು ಮಡಿಚಿ ಒಣಗಲು ಹಾಕಿ. ಒಬ್ಬರೇ ಯಾಕೆ ಹಿಂಡಬೇಕು ಅಂತ ಮಕ್ಕಳನ್ನೇ ಕೇಳಿ. ಪರೀಕ್ಷೆ ಅಂದರೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಮ ಇರಬೇಕು ಅನ್ನುವ ವಿಷಯ ಆ ಪ್ರಶ್ನೆಯಲ್ಲೇ ಇದೆ.

ಎಂಟನೇ ದಿನ: ನಾಣ್ಯದ ಮೇಲೆ ಎಷ್ಟು ಹನಿ?

ಒಂದು ನಾಣ್ಯ, ಒಂದು ಡ್ರಾಪರ್. ನಾಣ್ಯದ ಮೇಲಿನಿಂದ ನೀರು ಹರಿದು ಹೋಗದ ಹಾಗೆ ಎಷ್ಟು ಹನಿ ಹಾಕಬಹುದು? ನಾಲ್ಕು, ಐದು, ಹೆಚ್ಚೆಂದರೆ ಹತ್ತು ಅಂತ ಊಹೆ ಬರುತ್ತದೆ. ಹಾಕುತ್ತಾ ಹೋದರೆ ಎಣಿಕೆ ಸುಲಭವಾಗಿ ಆ ಊಹೆ ದಾಟುತ್ತದೆ. ನಾಣ್ಯದ ಅಗಲ, ಡ್ರಾಪರ್ ಮೂತಿ ನೋಡಿಕೊಂಡು ಲೆಕ್ಕ ಬದಲಾಗುತ್ತದೆ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಪಕ್ಕದಿಂದ ನೋಡಲು ಹೇಳಿ: ನೀರು ನಾಣ್ಯದ ಮೇಲೆ ಗುಮ್ಮಟದ ಹಾಗೆ ಉಬ್ಬಿರುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಅದಕ್ಕೇ ಬೇಗ ಜಾರುವುದಿಲ್ಲ. ಸೋಪಿನ ನೀರಿನಿಂದ ಮತ್ತೆ ಮಾಡಿದರೆ ಹಿಡಿತ ಸಡಿಲವಾಗಿ ಬೇಗನೆ ಹರಿದುಹೋಗುತ್ತದೆ. ಒಂದು ಸಲ ಮುಗಿದ ಮೇಲೆ ನಾಣ್ಯವನ್ನು ಚೆನ್ನಾಗಿ ಒರೆಸದಿದ್ದರೆ ಲೆಕ್ಕ ತಪ್ಪುತ್ತದೆ.

ಗುಂಪುಗಳ ಸಂಖ್ಯೆಗಳನ್ನು ಬೋರ್ಡ್ ಮೇಲೆ ಸ್ತಂಭಗಳಾಗಿ ಬರೆಸಿ, ದೊಡ್ಡದು-ಚಿಕ್ಕದು ಹೋಲಿಸಲಿ. ಬೆರಳಿನ ಹಿಡಿತಕ್ಕೂ ಡ್ರಾಪರ್ ಒಳ್ಳೆಯದು. ಪೆನ್ಸಿಲ್ ಗಟ್ಟಿಯಾಗಿ ಅದುಮಿ ಬರೆಯುವ ಮಕ್ಕಳು ಇಲ್ಲಿ ಮೆಲ್ಲಗೆ ಒತ್ತುವುದನ್ನು ಕಲಿಯುತ್ತಾರೆ.

ಒಂಬತ್ತನೇ ದಿನ: ಮಂಜುಗಡ್ಡೆಗೆ ಸ್ವೆಟರ್

ಫ್ರಿಜ್ ಸೌಕರ್ಯ ಇದ್ದರೆ ಮಾತ್ರ. ಪ್ರತಿ ಗುಂಪಿಗೂ ಒಂದೇ ಗಾತ್ರದ ಎರಡು ಮಂಜುಗಡ್ಡೆ. ಒಂದನ್ನು ಬಟ್ಟಲಿನಲ್ಲಿ ಹಾಗೇ ಇಡಿ, ಇನ್ನೊಂದನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಯಾವುದು ಮೊದಲು ಕರಗುತ್ತದೆ? ಬಹುತೇಕ ಎಲ್ಲರೂ ಉಣ್ಣೆ ಸುತ್ತಿದ್ದು ಅನ್ನುತ್ತಾರೆ. ಸ್ವೆಟರ್ ಹಾಕಿದರೆ ಬೆಚ್ಚಗಾಗುತ್ತದಲ್ಲ! ಕೊನೆಗೆ ಬಿಚ್ಚಿ ನೋಡಿದರೆ ಸುತ್ತಿದ ಗಡ್ಡೆಯೇ ದೊಡ್ಡದಾಗಿ ಉಳಿದಿರುತ್ತದೆ. ಸ್ವೆಟರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಬಿಸಿ ಆಚೀಚೆ ಓಡಾಡುವುದನ್ನು ತಡೆಯುತ್ತದೆ ಅಷ್ಟೇ. ಹೊರಗಿನ ಬಿಸಿ ಒಳಗೆ ಬರಲಿಲ್ಲ, ಗಡ್ಡೆ ಉಳಿಯಿತು. ದೊಡ್ಡವರೂ ಇದರಲ್ಲಿ ಎಡವುತ್ತಾರೆ. ಸಿಬ್ಬಂದಿ ಕೋಣೆಯಲ್ಲಿ ಕೇಳಿ ನೋಡಿ.

ಮಕ್ಕಳು ಕಲಿತರೋ ಇಲ್ಲವೋ

ಥೀಮ್ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಕೊಡಬೇಡಿ. ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ, ಪ್ರತಿ ಮಗುವಿಗೂ ಒಂದು ಪುಟ. ದಿನಕ್ಕೆ ಐದಾರು ಮಕ್ಕಳನ್ನು ಮಾತ್ರ ಗಮನಿಸುತ್ತೇನೆ. ಎಲ್ಲರನ್ನೂ ಒಂದೇ ದಿನ ನೋಡಲು ಹೊರಟರೆ ಯಾರನ್ನೂ ನೋಡಿದ ಹಾಗಾಗುವುದಿಲ್ಲ. ಕಾರಣ ಹೇಳುತ್ತಿದೆಯಾ, ಬರೀ ಉತ್ತರವಾ? ಊಹೆ ತಪ್ಪಾದಾಗ ಏನು ಮಾಡಿತು? ಹೊಸ ಪದ ತಾನಾಗಿ ಬಳಸಿತಾ? ಇಷ್ಟೇ ಬರೆಯುವುದು.

ಇನ್ನೊಂದು ಉಪಾಯ ಚಿತ್ರ. ಮೊದಲ ದಿನವೂ ಕೊನೆಯ ದಿನವೂ ಒಂದೇ ಚಿತ್ರ ಬಿಡಿಸಲು ಹೇಳಿ: ‘ಒದ್ದೆ ಬಟ್ಟೆ ಒಣಗುತ್ತಿದೆ’. ಒಬ್ಬ ಹುಡುಗ ಮೊದಲ ಚಿತ್ರದಲ್ಲಿ ಹಗ್ಗ, ಅಂಗಿ, ನಗುವ ಸೂರ್ಯ ಬಿಡಿಸಿದ್ದ. ಕೊನೆಯ ಚಿತ್ರದಲ್ಲಿ ಅದೇ ಹಗ್ಗ, ಅದೇ ಅಂಗಿ. ಆದರೆ ಅಂಗಿಯಿಂದ ಮೇಲಕ್ಕೆ ಚುಕ್ಕೆ ಚುಕ್ಕೆ, ಹಾಳೆಯ ಅಂಚು ದಾಟುವವರೆಗೂ. ಸೂರ್ಯ ಸ್ವಲ್ಪ ಚಿಕ್ಕದಾಗಿದ್ದ. ಅವನ ಪುಟದಲ್ಲಿ ನಾನು ಬೇರೇನೂ ಬರೆಯಬೇಕಾಗಲಿಲ್ಲ.

ಎಲ್ಲ ಮಕ್ಕಳೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಒದ್ದೆಯಾಗುವುದೆಂದರೆ ಆಗದು. ಅವರಿಗೆ ಬರೆಯುವ, ಗೆರೆ ಎಳೆಯುವ ಕೆಲಸ ಕೊಡಿ. ಎರಡು ಮೂರು ದಿನಕ್ಕೆ ತಾವೇ ಟಬ್ ಹತ್ತಿರ ಸರಿಯುತ್ತಾರೆ. ಬಲವಂತ ಬೇಡ. ಟಬ್ ನೆಲದ ಮೇಲಿದ್ದರೆ ಗಾಲಿಕುರ್ಚಿಯ ಮಗುವಿಗೆ ಕೈ ಎಟುಕುವುದಿಲ್ಲ, ಒಂದು ಟಬ್ ಮೇಜಿನ ಮೇಲಿರಲಿ. ಇನ್ನು ಎಲ್ಲವನ್ನೂ ತಾನೇ ಮಾಡುವ ಮಗು ಪ್ರತಿ ಗುಂಪಿನಲ್ಲೂ ಇದ್ದೇ ಇರುತ್ತದೆ. ಆ ಮಗುವನ್ನು ‘ಕೇಳುವವರು’ ಮಾಡಿ: ಆವತ್ತು ಅದು ಏನನ್ನೂ ಮುಟ್ಟುವಂತಿಲ್ಲ, ಉಳಿದವರಿಗೆ “ಯಾಕೆ ಹಾಗೆ ಅನ್ನಿಸ್ತು?” ಅಂತ ಕೇಳುತ್ತಾ ಹೋಗಬೇಕು.

ಹತ್ತನೇ ದಿನ: ಮಕ್ಕಳ ಅಂಗಡಿ

ಪಕ್ಕದ ತರಗತಿಯವರನ್ನು ಕರೆಯಿರಿ. ಪ್ರತಿ ಗುಂಪು ಒಂದು ಚಟುವಟಿಕೆ ಇಟ್ಟುಕೊಂಡು ಕೂರುತ್ತದೆ, ಬಂದವರಿಂದ ಮಾಡಿಸುತ್ತದೆ. ಒಂದೇ ಷರತ್ತು: ಉತ್ತರ ಮೊದಲೇ ಹೇಳುವಂತಿಲ್ಲ, ಬಂದವರಿಂದ ಊಹೆ ಬರೆಸಿಕೊಂಡೇ ಶುರು ಮಾಡಬೇಕು. ಏಳು ವರ್ಷದವರಿಗೆ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಅಂತ ಆವತ್ತು ನೋಡಬೇಕು. ತುಟಿ ಕಚ್ಚಿಕೊಂಡು, ಬೆಂಚಿನ ಮೇಲೆ ಕುಪ್ಪಳಿಸುತ್ತಾ ಇರುತ್ತಾರೆ.

ಟಬ್ ಖಾಲಿ ಮಾಡುವ ಮೊದಲು ಮೊದಲ ದಿನದ ಪ್ರಶ್ನೆಗಳ ಚಾರ್ಟ್ ಇಳಿಸಿ ಎಲ್ಲರೂ ಸುತ್ತ ಕೂರಿ. ಉತ್ತರ ಸಿಕ್ಕ ಪ್ರಶ್ನೆಗಳಿಗೆ ಕೇಳಿದವರೇ ಟಿಕ್ ಹಾಕಲಿ. ಕೆಲವು ಉಳಿಯುತ್ತವೆ, ಉಳಿಯಲಿ. ಹೋದ ಸಲ ನಮಗೆ ಉಳಿದದ್ದರಲ್ಲಿ ಒಂದು ಹೀಗಿತ್ತು: “ಮರಳಿಗೆ ಹಾಕಿದ ನೀರು ಬೇಗ ಕೆಳಗೆ ಹೋಯ್ತು, ಮಣ್ಣಿಗೆ ಹಾಕಿದ್ದು ಯಾಕೆ ಅಲ್ಲೇ ನಿಂತಿತು?” ಟಬ್‌ಗಳ ನೀರನ್ನು ಗಿಡಗಳಿಗೆ ಹಾಕಿ, ಒರೆಸಿ, ಮಗುಚಿಟ್ಟೆವು. ಮರುದಿನ ಬೆಳಿಗ್ಗೆ ಅವೇ ಟಬ್‌ಗಳಲ್ಲಿ ಒಂದರಲ್ಲಿ ಮರಳು, ಒಂದರಲ್ಲಿ ಜೇಡಿಮಣ್ಣು, ಇನ್ನೊಂದರಲ್ಲಿ ತೋಟದ ಮಣ್ಣು ತುಂಬಿಸಿದೆ.